ದಾವಣಗೆರೆಯಿಂದ ಒಂದೇ ದಿನದಲ್ಲಿ ಕಡಲಿಗೆ: ಮೊದಲು ಘಟ್ಟ ಆರಿಸಿ

ಚಳಿಗಾಲ, ರಜೆ ಒಂದೇ ದಿನ, ಸ್ವಂತ ಕಾರಿಲ್ಲ, ಗದ್ದಲವಿಲ್ಲದ ಕಡಲೂರೊಂದಕ್ಕೆ ಬಸ್ಸಿನಲ್ಲಿ ಹೋಗಿ ರಾತ್ರಿ ಮನೆ ಸೇರಬಹುದೇ? ಸೇರಬಹುದು. ಆದರೆ ಹೆಚ್ಚಿನವರು ಫೋಟೊ ನೋಡಿ ಬೀಚ್ ಗೊತ್ತು ಮಾಡಿಕೊಂಡು ಆಮೇಲೆ ಬಸ್ಸು ಹುಡುಕುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ದಾವಣಗೆರೆ, ಚಿತ್ರದುರ್ಗದವರು ಯಾವ ಊರಿಗೆ ಹೊರಟರೂ ಸಹ್ಯಾದ್ರಿಯನ್ನು ಒಂದು ಕಡೆ ಇಳಿಯಬೇಕು, ಸಂಜೆ ಮತ್ತೆ ಹತ್ತಬೇಕು. ಮರಳಿನ ಮೇಲೆ ಕೈಗೆ ಸಿಗುವುದು ಐದು ಗಂಟೆಯೋ ಮೂರು ಗಂಟೆಯೋ ಎಂಬುದು ಯಾವ ಘಟ್ಟ ಹಿಡಿದಿರಿ ಎಂಬುದರ ಮೇಲೆ ನಿಂತಿದೆ.

ನಮಗೆ ಅನುಕೂಲದ ದಾರಿಗಳು ಮೂರು. ಮೊದಲನೆಯದು ಹರಿಹರ, ರಾಣೆಬೆನ್ನೂರು, ಹಾವೇರಿ, ಶಿರಸಿ ಮೇಲೆ ಹೋಗಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು. ದಾವಣಗೆರೆಯಿಂದ ಹೆಚ್ಚುಕಡಿಮೆ 215 ಕಿ.ಮೀ. ಎರಡನೆಯದು ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಸುಮಾರು 255 ಕಿ.ಮೀ. ಮೂರನೆಯದು ಶಿವಮೊಗ್ಗದಿಂದ ಹೊಸನಗರ, ನಗರ ಮೇಲೆ ಕೊಲ್ಲೂರಿಗೆ ಇಳಿದು ಬೈಂದೂರು ಅಥವಾ ಮರವಂತೆ. ಆಗುಂಬೆಯನ್ನು ಇಲ್ಲಿ ಸೇರಿಸಿಲ್ಲ. ಆ 14 ತಿರುವುಗಳಲ್ಲಿ ಓಡುವುದು ಮಿನಿ ಬಸ್ಸುಗಳು. ಆ ದಾರಿ ಮುಟ್ಟಿಸುವ ಮಲ್ಪೆಯನ್ನು ಶಾಂತ ಊರು ಎನ್ನಲು ಮನಸ್ಸು ಬರುವುದಿಲ್ಲ.

ಗಂಟೆಯ ಲೆಕ್ಕ ಹಾಕೋಣ. ಬೆಳಗಿನ 5ಕ್ಕೆ ದಾವಣಗೆರೆ ಬಿಟ್ಟರೆ ಹಾವೇರಿ 6.45ರ ಸುಮಾರಿಗೆ, ಶಿರಸಿ 9ಕ್ಕೆ, ಕುಮಟಾ 11ಕ್ಕೆ. ಬಸ್ ಬದಲಿಸುವ ಹೊತ್ತೂ ಇದರಲ್ಲಿ ಸೇರಿದೆ. ಸಂಜೆ 4ಕ್ಕೆ ಕುಮಟಾ ಬಿಟ್ಟರೆ ರಾತ್ರಿ 10ಕ್ಕೆ ಊರು. ಅಲ್ಲಿಗೆ ಕಡಲ ಹತ್ತಿರ ಐದು ಗಂಟೆ. ಅದೇ 5ಕ್ಕೆ ಹೊನ್ನಾಳಿ ದಾರಿ ಹಿಡಿದರೆ ಶಿವಮೊಗ್ಗ 7.15, ಸಾಗರ 9.15, ಹೊನ್ನಾವರ ಮುಟ್ಟುವಾಗ ಮಧ್ಯಾಹ್ನ 12. ರಾತ್ರಿ 10ಕ್ಕೇ ಮನೆಗೆ ಬರಬೇಕೆಂದರೆ 3ಕ್ಕೆ ಬಸ್ಸಿನಲ್ಲಿರಬೇಕು. ಉಳಿಯುವುದು ಮೂರೇ ಗಂಟೆ. ಕೊಲ್ಲೂರಿನ ದಾರಿಯೂ ಇದಕ್ಕಿಂತ ಕಡಿಮೆಯೇನಲ್ಲ, ಜತೆಗೆ ಒಂದು ಬಸ್ ಹೆಚ್ಚು ಬದಲಿಸಬೇಕು. ಇವು ವೇಳಾಪಟ್ಟಿಯ ಸಮಯಗಳಲ್ಲ, ಕೆಂಪು ಬಸ್ಸಿನ ವೇಗ ಹಿಡಿದು ಹಾಕಿದ ಅಂದಾಜು. ಹೊರಡುವ ಹಿಂದಿನ ದಿನ ನಿಲ್ದಾಣದ ಕಂಟ್ರೋಲರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಹಾಗಾಗಿ ದಾವಣಗೆರೆ, ಹರಿಹರದವರಿಗೆ ಕುಮಟಾ. ಚಿತ್ರದುರ್ಗದವರಿಗೆ ಲೆಕ್ಕ ಬೇರೆ. ದುರ್ಗದಿಂದ ದಾವಣಗೆರೆಗೇ 60 ಕಿ.ಮೀ.; ಅಲ್ಲಿಂದ ಮುಂದೆ ಕುಮಟಾ ಎಂದರೆ ಒಟ್ಟು 275. ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗಕ್ಕೆ ಹೋಗಿ ಹೊನ್ನಾವರ ಇಳಿದರೆ 265ರ ಹತ್ತಿರ. ದೂರದಲ್ಲಿ ಅಂಥ ವ್ಯತ್ಯಾಸವಿಲ್ಲ, ಬಸ್ ಬದಲಿಸುವುದು ಕಡಿಮೆ. ಹಾಗಾಗಿ ದುರ್ಗದವರಿಗೆ ಹೊನ್ನಾವರ. ಬೆಳಗ್ಗೆ 4ಕ್ಕೇ ಎದ್ದು ಹೊರಡಲು ಆಗದಿದ್ದರೆ ಒಂದು ದಿನದ ಯೋಜನೆ ಕೈಬಿಡುವುದೇ ಮೇಲು.

ಕುಮಟಾ: ಏನಿದೆ, ಏನಿಲ್ಲ

ಕುಮಟಾದ ಒಳ್ಳೆಯ ಗುಣ ಎಂದರೆ ಅದು ಪ್ರವಾಸಿಗರಿಗಾಗಿ ಬೆಳೆದ ಊರಲ್ಲ. ತಾಲ್ಲೂಕು ಕೇಂದ್ರ, ಸಂತೆ, ಮೀನು ಮಾರುಕಟ್ಟೆ, ಕಾಲೇಜು ಮಕ್ಕಳು. ನಿಲ್ದಾಣದಲ್ಲಿ ಆಟೋ ಹತ್ತಿದರೆ ಹೆಡ್ ಬಂದರಿನ ಕಡಲು ಕೆಲವೇ ನಿಮಿಷ. ಅಲ್ಲಿ ಸಂಜೆ ಊರಿನವರು ವಾಕಿಂಗ್ ಬರುತ್ತಾರೆ. ವಾರದ ದಿನ ಮಧ್ಯಾಹ್ನ ಹೋದರೆ ಹೆಚ್ಚಿನ ಹೊತ್ತು ನೀವೂ ನಾಯಿಗಳೂ ಮಾತ್ರ. ಇನ್ನೂ ಏಕಾಂತ ಬೇಕಾದವರು ವನ್ನಳ್ಳಿ ಅಥವಾ ಬಾಡದ ಕಡೆ ಹೋಗಬೇಕು. ಬಾಡಕ್ಕೆ ಹೋಗುವಾಗ ಆಟೋದವರ ಹತ್ತಿರ ಬರುವುದಕ್ಕೂ ಸೇರಿಸಿಯೇ ಮಾತಾಡಿಕೊಳ್ಳಿ. ಅಲ್ಲಿ ನಿಂತು ಕೈ ಮಾಡಿದರೆ ಸಿಗುವ ಖಾಲಿ ಆಟೋ ಕಡಿಮೆ, ನಾಲ್ಕರ ಬಸ್ಸು ತಪ್ಪಿಸುವುದು ಸಾಮಾನ್ಯವಾಗಿ ಈ ಅರ್ಧ ಗಂಟೆಯೇ.

ಇಲ್ಲದ್ದರ ಪಟ್ಟಿಯೂ ಇದೆ. ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ನಲ್ಲಿ, ಮರಳಿನ ಮೇಲೆ ನೆರಳು ಇವನ್ನು ನಂಬಿಕೊಂಡು ಹೋಗಬೇಡಿ. ನೀರಿಗಿಳಿಯುವ ಆಸೆಯಿದ್ದರೆ ಎರಡು ಲೀಟರಿನ ಎರಡು ಬಾಟಲಿ ಸಾದಾ ನೀರು ಬರೀ ಕೈಕಾಲು ತೊಳೆಯಲು ಇಟ್ಟುಕೊಳ್ಳಿ. ಉಪ್ಪು ಗಾಳಿಯ ತೇವ ಹೀರುತ್ತದೆ, ಹಾಗಾಗಿ ಉಪ್ಪುನೀರಲ್ಲಿ ನೆನೆದ ಪ್ಯಾಂಟು ಎಷ್ಟು ಒಣಗಿದಂತೆ ಕಂಡರೂ ಮೈಗೆ ಜಿಗುಟುತ್ತದೆ. ಆರು ಗಂಟೆ ಸೀಟಿನಲ್ಲಿ ಕೂತವರ ತೊಡೆ ಉರಿದು ಕೆಂಪಾಗುತ್ತದೆ.

ಮಧ್ಯಾಹ್ನದ 12ರಿಂದ 2.30ರವರೆಗೆ ಬಿಸಿಲು ಚುರುಗುಟ್ಟುತ್ತದೆ. ದಾವಣಗೆರೆಯಲ್ಲಿ ಸ್ವೆಟರ್ ಹಾಕಿ ಹೊರಟವರಿಗೆ ಇದು ನೆನಪಿರುವುದಿಲ್ಲ. ಆ ಹೊತ್ತನ್ನು ಮಿರ್ಜಾನ್ ಕೋಟೆಗೆ ಕೊಡಿ. ಕುಮಟಾದಿಂದ ಉತ್ತರಕ್ಕೆ ಅಂಕೋಲಾ ದಾರಿಯಲ್ಲಿ 11 ಕಿ.ಮೀ., ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಈ ಕೋಟೆ ಬೆಸೆದುಕೊಂಡಿದೆ. ಏಳು ಸುತ್ತಿನ ಕಲ್ಲಿನಕೋಟೆ ನೋಡಿ ಬೆಳೆದವರಿಗೆ ಇದು ಬೇರೆಯದೇ ಜಾತಿ ಅನ್ನಿಸುತ್ತದೆ: ಬಂಡೆಯಿಲ್ಲ, ಏರಿಲ್ಲ, ಎಲ್ಲಾ ಕೆಂಪು ಚಿರೆಕಲ್ಲು, ಗೋಡೆಯ ಮೇಲೆ ಪಾಚಿ, ಒಳಗೆ ಹಸಿರು ಹುಲ್ಲು. ಮಂಡಿನೋವಿನ ಹಿರಿಯರೂ ನಿಧಾನಕ್ಕೆ ಒಂದು ಸುತ್ತು ಹಾಕಬಹುದು. ಮುಕ್ಕಾಲು ಗಂಟೆ ಸಾಕು.

ಕುಮಟಾದ ಸಿಹಿ ಈರುಳ್ಳಿಯ ಹೆಸರು ಕೇಳಿ ಹೋಗುವವರಿಗೆ ಒಂದು ಮಾತು. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತುಹಾಕುವ ಆ ಗೊಂಚಲುಗಳು ಬೇಸಿಗೆಯ ಬೆಳೆ. ಡಿಸೆಂಬರಿನಲ್ಲಿ ಹುಡುಕಬೇಡಿ.

ಹೊನ್ನಾವರ: ನೀರಿಗಿಳಿಯುವವರಿಗೆ

ಕಡಲಲ್ಲಿ ಸ್ನಾನ ಮಾಡಲೇಬೇಕು, ಜತೆಗೆ ಮಕ್ಕಳಿದ್ದಾರೆ ಎಂದಾದರೆ ಎರಡು ಗಂಟೆ ಕಡಿಮೆ ಸಿಕ್ಕರೂ ಹೊನ್ನಾವರವೇ ಸರಿ. ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಇಕೋ ಬೀಚ್ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು; ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಗುರುತು ಅದು. ಅದೇ ಸಲ ರಾಜ್ಯದಲ್ಲಿ ಈ ಮಾನ್ಯತೆ ಪಡೆದ ಇನ್ನೊಂದು ಕಡಲತೀರ ಪಡುಬಿದ್ರಿ. ಬಾವುಟದ ಹೆಮ್ಮೆ ಹಾಗಿರಲಿ, ಆ ಮಾನ್ಯತೆಗೆ ಜೀವರಕ್ಷಕರು, ಶೌಚಾಲಯ ಇರಲೇಬೇಕು; ಸ್ನಾನದ ನಲ್ಲಿ, ಬಟ್ಟೆ ಬದಲಿಸುವ ಕೋಣೆಯನ್ನೂ ಅಲ್ಲಿ ಮಾಡಿದ್ದಾರೆ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ವಾಪಸಾಗುವವರಿಗೆ ಬೇಕಾದದ್ದೂ ಇದೇ. ಒಳಗೆ ಹೋಗಲು ಶುಲ್ಕವಿದೆ, ಚಿಲ್ಲರೆ ಇಟ್ಟುಕೊಳ್ಳಿ.

ಮೂರು ಗಂಟೆಯಲ್ಲಿ ಒಂದೂವರೆ ಗಂಟೆ ಕಾಸರಕೋಡಿಗೆ ಹೋಯಿತು. ಉಳಿದದ್ದರಲ್ಲಿ ಶರಾವತಿಯ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡು) ಮರದ ಕಾಲುದಾರಿಯೋ ಹಿನ್ನೀರಿನ ದೋಣಿಯೋ, ಯಾವುದಾದರೂ ಒಂದನ್ನು ಮಾಡಿ. ಅಪ್ಸರಕೊಂಡವನ್ನೂ ಸೇರಿಸಲು ಹೋದರೆ ಊಟ ಬಿಡಬೇಕಾಗುತ್ತದೆ; ಚಳಿಗಾಲ ಕಳೆಯುತ್ತ ಬಂದಂತೆ ಅಲ್ಲಿನ ಜಲಪಾತವೂ ಸೊರಗುತ್ತದೆ.

ದಾರಿಯಲ್ಲೇ ಇದೆಯಲ್ಲ ಎಂದು ಜೋಗವನ್ನು ಪೋಣಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಬಸ್ಸಿಳಿದು, ನೋಡಿ, ಮುಂದಿನ ಬಸ್ಸು ಹಿಡಿಯಲು ಕನಿಷ್ಠ ಎರಡು ಗಂಟೆ ಬೇಕು. 253 ಮೀಟರ್ ಎತ್ತರದಿಂದ ಬೀಳುವ ನೀರು ಡಿಸೆಂಬರ್ ಹೊತ್ತಿಗೆ ಎಳೆ ಎಳೆಯಾಗಿರುತ್ತದೆ. ಜೋಗಕ್ಕೆ ಮಳೆಗಾಲದಲ್ಲಿ ಬೇರೆಯೇ ದಿನ ಇಟ್ಟುಕೊಳ್ಳುವುದು ಸರಿ.

ಉಳಿದವು

ಮುರ್ಡೇಶ್ವರಕ್ಕೆ ಹೊನ್ನಾವರದಿಂದ ಇನ್ನೂ 27 ಕಿ.ಮೀ. ದಕ್ಷಿಣಕ್ಕೆ ಹೋಗಬೇಕು. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಮೇಲೇರಲು ಲಿಫ್ಟ್, ಪಕ್ಕದಲ್ಲೇ ಊಟ. ಅಜ್ಜ-ಅಜ್ಜಿಯರ ಜತೆ ಹೋಗುವವರಿಗೆ ಅನುಕೂಲ. ಆದರೆ ಡಿಸೆಂಬರ್, ಜನವರಿ ಎಂದರೆ ಶಾಲಾ ಪ್ರವಾಸದ ತಿಂಗಳು, ಮೇಲೆ ಅಯ್ಯಪ್ಪ ಮಾಲಾಧಾರಿಗಳ ಬಸ್ಸುಗಳು. ಶಾಂತಿ ಹುಡುಕುವವರಿಗೆ ಅಲ್ಲ. ಗೋಕರ್ಣದ್ದೂ ಅದೇ ಕಥೆ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಂತೂ ಓಂ ಬೀಚ್, ಕುಡ್ಲೆ ಎರಡೂ ತುಂಬಿರುತ್ತವೆ. ಮಹಾಬಲೇಶ್ವರನ ದರ್ಶನವೇ ಮುಖ್ಯವಾಗಿದ್ದರೆ ಮಾತ್ರ ಕುಮಟಾದಿಂದ ಮುಂದಕ್ಕೆ ಹೋಗಿ. ಕಾರವಾರ ಚೆಂದದ ಊರು, ಒಂದು ದಿನಕ್ಕೆ ದೂರ, ಅಷ್ಟೇ.

ಮರವಂತೆಯ ಬಗ್ಗೆ ಎಚ್ಚರಿಕೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಬಸ್ಸಿನ ಕಿಟಕಿಯಿಂದ ಅಷ್ಟು ಸೊಗಸಾದ ನೋಟ ರಾಜ್ಯದಲ್ಲಿ ಇನ್ನೊಂದಿಲ್ಲ ಎನ್ನಬಹುದು. ಇಳಿದು ನೋಡಿದರೆ ಲಾರಿಗಳ ಸದ್ದು, ದಡಕ್ಕೆ ಹಾಕಿದ ಬಂಡೆಗಳು, ನೆರಳಿಲ್ಲ. ಆ ಕಡೆ ಹೋಗುವುದಾದರೆ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿ ಬೈಂದೂರಿನ ಸೋಮೇಶ್ವರ ಕಡಲತೀರಕ್ಕೆ ಹೋಗುವುದು ಮೇಲು. ಕೊಲ್ಲೂರಿನಲ್ಲಿ ರಾತ್ರಿ ಉಳಿಯುವ ಯೋಚನೆ ಇದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯ ಪ್ರವಾಸ. ಒಂದೇ ದಿನಕ್ಕಾದರೆ ಕೊನೆಯ ಸ್ಥಾನ.

ಬಸ್ಸಿನ ವಿಚಾರ

ದಾವಣಗೆರೆಯಿಂದ ಹುಬ್ಬಳ್ಳಿ ಕಡೆ ಹೋಗುವ ಬಸ್ಸುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಕೆಲವು ಹಾವೇರಿ ಊರೊಳಗೆ ಹೋಗದೆ ಬೈಪಾಸಿನಲ್ಲೇ ಇಳಿಸುತ್ತವೆ. ಬೆಳಗಿನ ಜಾವ ಬೈಪಾಸಿನಲ್ಲಿ ಇಳಿದರೆ ನಿಲ್ದಾಣ ಸೇರಲು ಆಟೋ ಸಿಗುವವರೆಗೆ ಶಿರಸಿ ಬಸ್ಸು ಹೋಗಿಬಿಟ್ಟಿರುತ್ತದೆ. ಹತ್ತುವ ಮೊದಲೇ ಕಂಡಕ್ಟರರನ್ನು ಕೇಳಿ: "ಹಾವೇರಿ ಸ್ಟ್ಯಾಂಡ್ ಒಳಗೆ ಹೋಗುತ್ತೇನ್ರಿ?" ಬೆಂಗಳೂರಿನಿಂದ ಕರಾವಳಿಗೆ ಹೋಗುವ ರಾತ್ರಿ ಬಸ್ಸುಗಳಲ್ಲಿ ಬುಕ್ ಮಾಡುವವರೂ ಹತ್ತುವ ಜಾಗ ಸರಿಯಾಗಿ ಓದಬೇಕು. ನಮ್ಮೂರಿಗೆ ಅವು ಬರುವುದೇ ನಡುರಾತ್ರಿ ದಾಟಿ ಒಂದೆರಡು ಗಂಟೆಯ ಮೇಲೆ, ಎಷ್ಟೋ ಬಸ್ಸುಗಳು ಊರೊಳಗೆ ಬರುವುದೇ ಇಲ್ಲ.

ರಾತ್ರಿ ಬಸ್ಸಿಗೆ ಒಂದು ದೊಡ್ಡ ಲಾಭವಿದೆ. ಬೆಳಕು ಹರಿಯುವಾಗಲೇ ಕಡಲ ಹತ್ತಿರ ಇರುತ್ತೀರಿ. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಬೆನ್ನ ಹಿಂದೆ, ಘಟ್ಟದ ಕಡೆ, ಹಾಗಾಗಿ ನೀರಿನ ಮೇಲಿನ ಸೂರ್ಯೋದಯದ ಆಸೆ ಬೇಡ. ಆದರೆ ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ತಣ್ಣಗೆ ಮಲಗಿರುತ್ತದೆ, ಅದೃಷ್ಟವಿದ್ದರೆ ಮೀನುಗಾರರು ದಡದಲ್ಲಿ ನಿಂತು ರಂಪಣಿ ಎಂಬ ದೊಡ್ಡ ಬಲೆ ಎಳೆಯುವುದನ್ನೂ ನೋಡಬಹುದು. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಪಶ್ಚಿಮದಿಂದ ಬೀಸಲು ಶುರುವಾದರೆ ಅಲೆ ಏಳುತ್ತದೆ. ನಿದ್ದೆಗೆಟ್ಟರೂ ಮರುದಿನ ಕೆಲಸವಿಲ್ಲದವರಿಗೆ ಇದು ಹೇಳಿ ಮಾಡಿಸಿದ ಏರ್ಪಾಡು.

ಸೂರ್ಯಾಸ್ತ ನೋಡಿಯೇ ಬರುತ್ತೇವೆ ಎನ್ನುವವರು ಮಾತ್ರ ಯೋಚಿಸಬೇಕು. ಡಿಸೆಂಬರ್ ಕೊನೆಗೆ ಕುಮಟಾದಲ್ಲಿ ಸೂರ್ಯ ಮುಳುಗುವುದು 6.10ರ ಹೊತ್ತಿಗೆ, ಜನವರಿ ಕೊನೆಗೆ 6.30ರ ಆಸುಪಾಸು. ಆಮೇಲೆ ಹೊರಟರೆ ಶಿರಸಿ ಮುಟ್ಟುವುದು ರಾತ್ರಿ 9ರ ಹತ್ತಿರ, ಅಲ್ಲಿಂದ ಹಾವೇರಿಗೆ ಬಸ್ಸು ಸಿಕ್ಕಿತೇ ಎಂಬುದು ಅಂದಿನ ಅದೃಷ್ಟ. ಬೆಳಿಗ್ಗೆ ಶಿರಸಿಯಲ್ಲಿ ಇಳಿದಾಗಲೇ ಕಂಟ್ರೋಲರನ್ನು ಕೇಳಿ, ಹಾವೇರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ. ಅದು ಶಿರಸಿಯಿಂದಲೇ ಹೊರಡುವ ಬಸ್ಸೋ, ಬೇರೆ ಊರಿಂದ ಬರುವುದೋ ಅಂತಲೂ ಕೇಳಿ. ಅಲ್ಲೇ ಹೊರಡುವ ಬಸ್ಸಿನಲ್ಲಿ ಸೀಟು ಸಿಗುತ್ತದೆ, ಹೊತ್ತಿಗೂ ಬಿಡುತ್ತದೆ. ಬರುವ ಬಸ್ಸು ತಡವಾದೀತು, ತುಂಬಿಯೂ ಬಂದೀತು. ಆ ಕೊನೆಯ ಬಸ್ಸನ್ನು ನಂಬದೆ ಅದರ ಹಿಂದಿನದಕ್ಕೇ ಗುರಿ ಇಟ್ಟುಕೊಂಡರೆ ಕೈಯಲ್ಲಿ ಒಂದು ಉಳಿದಿರುತ್ತದೆ.

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ನಡುನಡುವೆ ಬಸ್ಸು-ಲಾರಿಗಳಿಗೆ ದಾರಿ ಮುಚ್ಚಿದ್ದೂ ಇದೆ. ಆಗ ದೊಡ್ಡ ಗಾಡಿಗಳು ಯಲ್ಲಾಪುರ, ಅಂಕೋಲಾ ಸುತ್ತಿ ಬರಬೇಕಾಗುತ್ತದೆ. ಆ ಸುತ್ತಿನಲ್ಲಿ ಒಂದು ದಿನದ ಪ್ರವಾಸ ಉಳಿಯುವುದಿಲ್ಲ. ಹಿಂದಿನ ಸಂಜೆ ಶಿರಸಿ ನಿಲ್ದಾಣಕ್ಕೆ ಫೋನ್ ಮಾಡಿ ಘಟ್ಟ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. ಮುಚ್ಚಿದ್ದರೆ ಮರುಯೋಚನೆ ಬೇಡ, ಹೊನ್ನಾವರಕ್ಕೆ ಬದಲಿಸಿ. ಎರಡು ವರ್ಷಕ್ಕೊಮ್ಮೆ ಚಳಿಗಾಲ ಮುಗಿಯುವ ಹೊತ್ತಿಗೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಗಳಲ್ಲೂ ಈ ದಾರಿ ಬೇಡ. ಹಾವೇರಿಯಲ್ಲೇ ಬಸ್ಸು ತುಂಬಿಬಿಡುತ್ತದೆ.

ಖರ್ಚಿನ ಮಾತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹಾವೇರಿ-ಶಿರಸಿ ದಾರಿಯ ಬಸ್ಸುಗಳು ಸರ್ಕಾರದ್ದೇ ಆದ ವಾಯವ್ಯ ಸಾರಿಗೆಯವು, ಅಲ್ಲೂ ನಡೆಯುತ್ತದೆ. ಆಧಾರ್ ಅಥವಾ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ದಾವಣಗೆರೆ-ಶಿವಮೊಗ್ಗ-ಸಾಗರ ನಡುವೆ ಖಾಸಗಿ ಬಸ್ಸುಗಳು ಹೆಚ್ಚು, ಭಟ್ಕಳ ದಾಟಿ ಉಡುಪಿ ಜಿಲ್ಲೆಗೆ ಹೋದರಂತೂ ಅವುಗಳದೇ ದರ್ಬಾರು. ಅಲ್ಲಿ ದುಡ್ಡು ಕೊಡಬೇಕು. ನಾಲ್ವರು ಹೆಣ್ಣುಮಕ್ಕಳ ಗುಂಪಿಗೆ ಕುಮಟಾ ದಾರಿ ಅಗ್ಗವಾಗುವುದು ಹೀಗೆ. ಇನ್ನು, 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದೆ. ಅದಕ್ಕೂ ಹಿಂದೆ ಯಾರೋ ಬರೆದಿಟ್ಟ ದರ ನೋಡಿ ಜೇಬಿಗೆ ದುಡ್ಡು ಹಾಕಿಕೊಳ್ಳಬೇಡಿ.

ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತರೆ ಹಿಂದಿನಿಂದ ಬರುವ ಬಸ್ಸಿಗೆ ಕಂಡಕ್ಟರ್ ಹತ್ತಿಸಿಕೊಡುತ್ತಾರೆ. ಟಿಕೆಟ್ ಎಸೆದಿದ್ದರೆ ವಾದ ಶುರು. ಮೊಬೈಲ್ ಟಿಕೆಟ್ ಆದರೆ ಸ್ಕ್ರೀನ್‌ಶಾಟ್ ಇರಲಿ, ಕಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಹೊಟ್ಟೆ, ಬಟ್ಟೆ, ನೀರು

ಬೆಣ್ಣೆ ದೋಸೆ ತಿಂದು ಘಟ್ಟ ಇಳಿಯುವುದು ಧೈರ್ಯದ ಕೆಲಸ. ಹೊಟ್ಟೆ ಖಾಲಿ ಇದ್ದರೂ ವಾಂತಿ, ಜಿಡ್ಡು ತುಂಬಿದ್ದರೂ ವಾಂತಿ. ಹೊರಡುವಾಗ ಎರಡು ಬಾಳೆಹಣ್ಣು ಅಥವಾ ಒಣ ಮಂಡಕ್ಕಿ ಸಾಕು, ಶಿರಸಿಯಲ್ಲಿ ಇಡ್ಲಿ ತಿನ್ನಿ. ವಾಂತಿಯ ಮಾತ್ರೆ ನುಂಗುವ ಅಭ್ಯಾಸವಿದ್ದವರು ಶಿರಸಿ ಬರುವ ಮೊದಲೇ ನುಂಗಬೇಕು; ತಿರುವು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೂರುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ. ಕೊನೆಯ ಸೀಟು ಬಸ್ಸಿನ ಬಾಲ, ಪ್ರತಿ ತಿರುವಿನಲ್ಲೂ ಅದು ಬೀಸಿಕೊಂಡು ಹೋಗುತ್ತದೆ.

ಮಧ್ಯಾಹ್ನಕ್ಕೆ ಮೀನೂಟ ಸಿಗುತ್ತದೆ, ಕುಚಲಕ್ಕಿ ಅನ್ನ, ಸಾರು, ಮುರುಗಲು ಹಣ್ಣಿನ ಪಾನಕ. ಸಸ್ಯಾಹಾರಿಗಳು ಊಟವನ್ನು ಪೇಟೆಯಲ್ಲೇ ಮುಗಿಸಿ ಕಡಲಿಗೆ ಹೋಗಬೇಕು, ಮರಳಿನ ಹತ್ತಿರ ಸಿಗುವುದು ಚಹಾ, ಬಜ್ಜಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದವರಿಗೆ ಈ ತಾಪತ್ರಯವಿಲ್ಲ. ರಾತ್ರಿ ಬಸ್ಸು ತಡವಾದರೂ ಅದೇ ಕೈಹಿಡಿಯುತ್ತದೆ. ಮೊಸರನ್ನದ ಡಬ್ಬಿ ಮಾತ್ರ ಬೇಡ, ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ.

ಬೆಳಗಿನ 5ಕ್ಕೆ ದಾವಣಗೆರೆಯಲ್ಲಿ ಚಳಿ, ಶಿರಸಿಯಲ್ಲಿ ಮಂಜು, ಕುಮಟಾದಲ್ಲಿ ಬೆವರು. ದಪ್ಪ ಜಾಕೆಟ್ ಒಂದರ ಬದಲು ತೆಳು ಸ್ವೆಟರ್, ಮೇಲೊಂದು ಶಾಲು ಒಳ್ಳೆಯದು. ಮಡಚಿದರೆ ಅದೇ ದಿಂಬು. ಮಂಜು ದಟ್ಟವಾಗಿದ್ದರೆ ಹಾವೇರಿ-ಶಿರಸಿ ನಡುವೆಯೇ ಅರ್ಧ ಗಂಟೆ ತಡವಾಗುತ್ತದೆ, ಚಾಲಕರನ್ನು ಅವಸರಿಸಬೇಡಿ.

ಈಜಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಸುಳ್ಳು ಧೈರ್ಯವಿದೆ. ಭದ್ರಾ ನಾಲೆಯಲ್ಲಿ, ಹರಿಹರದ ತುಂಗಭದ್ರೆಯಲ್ಲಿ ಈಜು ಕಲಿತವರಿಗೆ ನೀರು ಒಂದೇ ದಿಕ್ಕಿಗೆ ಎಳೆಯುವುದು ಗೊತ್ತು. ಕಡಲಿನಲ್ಲಿ ದಡಕ್ಕೆ ಬಂದ ಅಲೆ ಹಿಂದೆ ಸರಿಯುವಾಗ ಒಂದು ಕಿರಿದಾದ ಪಟ್ಟಿಯಲ್ಲಿ ಸೇರಿ ಒಳಕ್ಕೆ ನುಗ್ಗುತ್ತದೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಸಪಾಟಾಗಿ, ಮಣ್ಣುಬಣ್ಣದಲ್ಲಿ ಕಂಡರೆ ಸೆಳೆತ ಇರುವುದು ಅಲ್ಲೇ. ಶಾಂತವಾಗಿದೆ ಎಂದು ಹೊಸಬರು ಇಳಿಯುವುದೂ ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಎದುರೀಜು ಹೊಡೆಯಬೇಡಿ, ತೋಳು ಸೋಲುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಪಟ್ಟಿಯಿಂದ ಹೊರಬಿದ್ದ ಮೇಲೆ ಅಲೆಯೇ ತಂದು ಬಿಡುತ್ತದೆ. ನದಿ ಕಡಲು ಸೇರುವ ಅಳಿವೆಯಲ್ಲಿ, ಅದು ಶರಾವತಿಯದಾಗಲಿ ಅಘನಾಶಿನಿಯದಾಗಲಿ, ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ-ಇಳಿತ ಜೋರಾಗಿರುತ್ತದೆ. ಭರತ-ಇಳಿತದ ಹೊತ್ತು ಒಂದು ದಿನದಿಂದ ಮರುದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಚಳಿಗಾಲ.

ವಾಪಸು ಬರುವಾಗ ಒದ್ದೆ ಬಟ್ಟೆಗೆ ಒಂದು, ಮರಳು ಹಿಡಿದ ಚಪ್ಪಲಿಗೆ ಒಂದು, ಹೀಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡಿರಲಿ. ಹಸಿಮೀನು ತರುವ ಆಸೆ ಬಿಡಿ. ಆರು ಗಂಟೆಗೆ ಐಸು ಕರಗಿ ಕೆಳಗೆ ಸೋರುತ್ತದೆ, ಬಸ್ಸಿನ ಅರ್ಧ ಜನ ನಿಮ್ಮ ಕಡೆ ತಿರುಗುತ್ತಾರೆ. ಒಣಮೀನು ತರಬಹುದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಮನೆಯಿಂದಲೇ ಒಯ್ದಿದ್ದರೆ. ಯಾರಿಗೂ ವಾಸನೆ ಬಾರದ ಉಡುಗೊರೆ ಬೇಕಾದವರು ಶಿರಸಿಯಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಕೊಳ್ಳಿ. ಕಾಗದದಷ್ಟು ತೆಳು ಅದು, ಚೀಲದ ಮೇಲ್ಗಡೆ ಇಟ್ಟು ತೊಡೆಯ ಮೇಲೆ ಹಿಡಿದು ತಂದರೆ ಮಾತ್ರ ಊರಿಗೆ ಬರುವಾಗ ಇಡಿಯಾಗಿರುತ್ತದೆ.